ಆಳುವ ಇಂಜಿನ್, ಆಡಿಸುವ ಬಂದೂಕು: ‘ದ ಹಾಫ್-ಮೇಡ್ ವರ್ಲ್ಡ್’

ಸ್ಟೀಮ್‌ಪಂಕ್ (ಹಬೆಯಂತ್ರಗಳ ಕಾಲದ ಮೇಲೆ ಕಟ್ಟಿದ ಕಲ್ಪನಾ ಕಥೆಗಳು) ಅಂದ ಕೂಡಲೇ ಹಲವರಿಗೆ ಹಿತ್ತಾಳೆಯ ಕನ್ನಡಕ, ಹಲ್ಲಿನ ಚಕ್ರ ಸಿಕ್ಕಿಸಿದ ಟೋಪಿ, ಮೋಡದ ಮಧ್ಯೆ ತೇಲುವ ಹಡಗು ನೆನಪಾಗುತ್ತವೆ. ಫೀಲಿಕ್ಸ್ ಗಿಲ್ಮನ್ ಬರೆದ ‘ದ ಹಾಫ್-ಮೇಡ್ ವರ್ಲ್ಡ್’ ಕಾದಂಬರಿಯಲ್ಲಿ ಅಂಥ ಶೋಕಿ ಇಲ್ಲ. ಇಲ್ಲಿನ ಯಂತ್ರಗಳು ಮಸಿ ಉಗುಳುತ್ತವೆ, ಕಿವಿ ಕೆಡಿಸುತ್ತವೆ, ಊರಿಗೆ ಊರೇ ನುಂಗುತ್ತವೆ. 2010ರಲ್ಲಿ ಟಾರ್ ಪ್ರಕಾಶನದಿಂದ ಬಂದ ಪುಸ್ತಕ ಇದು. ಬಿಳಿಯರು ಅಮೆರಿಕದ ಪಶ್ಚಿಮಕ್ಕೆ ನುಗ್ಗಿದ ಕಾಲವನ್ನು ತೆಗೆದುಕೊಂಡು ಅದರಿಂದ ಬೇರೆಯದೇ ಒಂದು ಲೋಕ ಕಟ್ಟಿದ್ದಾರೆ. ನನಗೆ ಬಹಳ ಇಷ್ಟವಾಯಿತು. ಒಂದು ವಿಷಯದಲ್ಲಿ ಬಹಳ ಬೇಜಾರೂ ಆಯಿತು. ಎರಡನ್ನೂ ಬಿಡಿಸಿ ಹೇಳುತ್ತೇನೆ. ಕೊನೆಗೆ ಏನಾಗುತ್ತದೆ ಅಂತ ಮಾತ್ರ ಹೇಳುವುದಿಲ್ಲ.

ಮೊದಲು ಆ ಲೋಕದ ಪರಿಚಯ. ಬೆಟ್ಟಸಾಲಿನ ಪೂರ್ವಕ್ಕೆ ಹಳೆಯ, ನೆಲೆನಿಂತ ದೇಶಗಳಿವೆ. ಆಚೆಗೆ ಪಶ್ಚಿಮ. ಅಲ್ಲಿ ತಲೆಮಾರುಗಳಿಂದ ಎರಡು ಶಕ್ತಿಗಳ ನಡುವೆ ಯುದ್ಧ ನಡೆಯುತ್ತಿದೆ. ಒಂದರ ಹೆಸರು ‘ಲೈನ್’. ಅದನ್ನು ಆಳುವವು ಮೂವತ್ತೆಂಟು ರೈಲು ಇಂಜಿನ್‌ಗಳು. ಅವಕ್ಕೆ ಜೀವ ಇದೆ, ಬುದ್ಧಿ ಇದೆ, ಸಾವಿಲ್ಲ. ಮನುಷ್ಯರು ಅವುಗಳ ಆಳುಗಳು. ಇನ್ನೊಂದು ‘ಗನ್’. ಅದು ದೆವ್ವಗಳ ಕೂಟ. ಅವು ಬಂದೂಕಿನೊಳಗೆ ಸೇರಿಕೊಂಡು ತಮಗೆ ಬೇಕಾದ ಮನುಷ್ಯನನ್ನು ಹಿಡಿದುಕೊಳ್ಳುತ್ತವೆ. ಹಾಗೆ ಸಿಕ್ಕಿಬಿದ್ದವನನ್ನು ಏಜೆಂಟ್ ಅನ್ನುತ್ತಾರೆ. ಅವನಿಗೆ ಎಲ್ಲಿಲ್ಲದ ಬಲ ಬರುತ್ತದೆ, ಗಾಯ ತಾನಾಗಿ ಮಾಯುತ್ತದೆ. ಆದರೆ ಮಾತು ಕೇಳದಿದ್ದರೆ ಬಂದೂಕೇ ಅವನಿಗೆ ಜೀವ ಹೋಗುವಷ್ಟು ನೋವು ಕೊಡುತ್ತದೆ. ಇಂಜಿನ್ ಒಡೆದರೂ ಬಂದೂಕು ಮುರಿದರೂ ಒಳಗಿರುವುದು ಸಾಯುವುದಿಲ್ಲ, ಮತ್ತೆ ಬರುತ್ತದೆ. ಹಾಗಾಗಿ ಯುದ್ಧಕ್ಕೆ ಕೊನೆಯೇ ಇಲ್ಲ.

ಇದು ಸುಮ್ನೆ ಒಂದು ಚಂದದ ಕಲ್ಪನೆ ಅನ್ನಿಸಬಹುದು. ನಿಜವಾದ ಅಮೆರಿಕದ ಇತಿಹಾಸ ಪಕ್ಕದಲ್ಲಿಟ್ಟು ನೋಡಿದರೆ ಇದರ ಗಟ್ಟಿತನ ಗೊತ್ತಾಗುತ್ತದೆ. 1869ರ ಮೇ 10ರಂದು ಯೂಟಾದ ಪ್ರೊಮೊಂಟರಿ ಸಮಿಟ್‌ನಲ್ಲಿ ಪೂರ್ವದ ಹಳಿ, ಪಶ್ಚಿಮದ ಹಳಿ ಕೂಡಿದವು. ಕೋಲ್ಟ್ ಕಂಪನಿಯ ಹೆಸರುವಾಸಿ ಸಿಂಗಲ್ ಆ್ಯಕ್ಷನ್ ರಿವಾಲ್ವರ್ 1873ರದ್ದು. ಪಶ್ಚಿಮದ ಕಥೆ ಅಂದರೆ ನಮ್ಮ ಕಣ್ಣಿಗೆ ಬರುವುದು ಇವೆರಡೇ, ಅಲ್ವಾ? ಮಾಮೂಲಿ ಕೌಬಾಯ್ ಕಥೆಗಳಲ್ಲಿ ಬಂದೂಕು ನಾಯಕನ ಸೊಂಟದಲ್ಲಿರುತ್ತದೆ, ರೈಲು ಅವನ ಹಿಂದೆ ಹಾದುಹೋಗುತ್ತದೆ. ಗಿಲ್ಮನ್ ಅವೆರಡನ್ನೂ ಮುಂದಕ್ಕೆ ತಂದು ಕೂರಿಸಿ, ಮನುಷ್ಯರು ಅವುಗಳ ಕೈಯಲ್ಲಿ ಏನಾದರು ಅಂತ ಕೇಳುತ್ತಾರೆ. ಪುಸ್ತಕದ ಅತಿ ದೊಡ್ಡ ಶಕ್ತಿ ಇದು.

ಕಥೆ ಮೂರು ಜನರ ಬೆನ್ನು ಹತ್ತಿ ಹೋಗುತ್ತದೆ. ಲಿವ್ ಅಲ್ವರ್‌ಹೈಸನ್ ಪೂರ್ವದ ಮನೋವೈದ್ಯೆ. ಗಂಡ ತೀರಿಕೊಂಡಿದ್ದಾನೆ. ನರಗಳಿಗೆ ಅಂತ ಕುಡಿಯುವ ಟಾನಿಕ್ ಬಿಟ್ಟು ಅವಳಿಗೆ ಇರಲಾಗುವುದಿಲ್ಲ. ದೂರದ ಪಶ್ಚಿಮದ ಒಂದು ಆಸ್ಪತ್ರೆಯಿಂದ ಕರೆ ಬಂದಾಗ ಹೊರಟೇಬಿಡುತ್ತಾಳೆ. ಜಾನ್ ಕ್ರೀಡ್‌ಮೂರ್ ಗನ್ ಕಡೆಯ ಏಜೆಂಟ್. ವಯಸ್ಸಾಗಿದೆ, ಕೆಲಸ ಸಾಕಾಗಿದೆ, ಬಂದೂಕು ಬಿಡುವುದಿಲ್ಲ. ಮೂರನೆಯವನು ಲೋರಿ, ಲೈನಿನ ಅಧಿಕಾರಿ. ಮೂವರಿಗೂ ಕೊನೆಗೆ ಬೇಕಾಗುವುದು ಒಬ್ಬನೇ ಮುದುಕ, ಒಬ್ಬ ಜನರಲ್. ಗನ್ನಿಗೂ ಲೈನಿಗೂ ತಲೆಬಾಗದೆ ರೆಡ್ ವ್ಯಾಲಿ ರಿಪಬ್ಲಿಕ್ ಅನ್ನುವ ಗಣರಾಜ್ಯಕ್ಕಾಗಿ ಹೋರಾಡಿ ಸೋತವನು. ಆ ಎರಡೂ ಶಕ್ತಿಗಳನ್ನು ನಿಜವಾಗಿ ಕೊಲ್ಲಬಲ್ಲ ಆಯುಧದ ಗುಟ್ಟು ಅವನ ತಲೆಯಲ್ಲಿದೆ. ಆದರೆ ಆ ತಲೆ ಈಗ ಕೆಟ್ಟಿದೆ.

ಕೆಟ್ಟಿದ್ದು ಹೇಗೆ ಅನ್ನುವುದನ್ನು ಹೇಳಲೇಬೇಕು. ಲೈನಿನ ಹತ್ತಿರ ಸದ್ದಿನ ಬಾಂಬುಗಳಿವೆ. ಅವು ಸಿಡಿದರೆ ಮೈಗೆ ಏನೂ ಆಗದೇ ಇರಬಹುದು. ಆ ಸದ್ದಿಗೆ ಸಿಕ್ಕವರ ಬುದ್ಧಿ ಮಾತ್ರ ಚೂರುಚೂರಾಗುತ್ತದೆ. ಬದುಕಿ ಉಳಿದವರು ಹೌಸ್ ಡೊಲರಸ್ ಅನ್ನುವ, ಲಿವ್ ಹೊರಟ ಅದೇ ಆಸ್ಪತ್ರೆಯಲ್ಲಿ ಕೂತಿರುತ್ತಾರೆ. ಊಟ ಕೊಟ್ಟರೆ ತಿನ್ನುತ್ತಾರೆ. ಮಾತಾಡಿಸಿದರೆ ಸಂಬಂಧವಿಲ್ಲದ ಪದಗಳು ಬರುತ್ತವೆ. ಆ ಮುದುಕ ಜನರಲ್‌ನ ಬಾಯಿಂದ ಬರುವುದು ಅಡಗೂಲಜ್ಜಿ ಕಥೆಗಳ ತುಣುಕುಗಳು. ಒಂದು ಕಥೆ ಶುರುವಾಗುತ್ತದೆ, ಅರ್ಧಕ್ಕೆ ಇನ್ನೊಂದಕ್ಕೆ ಹಾರುತ್ತದೆ. ಲಿವ್ ಅದನ್ನೆಲ್ಲ ಕೂತು ಕೇಳುತ್ತಾಳೆ. ಎಲ್ಲೋ ಒಂದು ಎಳೆ ಸಿಕ್ಕೀತು ಅಂತ ಕಾಯುತ್ತಾಳೆ. ಅವನು ಯಾರು ಅಂತ ಆಗ ಅವಳಿಗೆ ಗೊತ್ತಿಲ್ಲ. ಓದುವ ನಮಗೆ ಗೊತ್ತು. ಆ ಭಾಗದಲ್ಲಿ ಒಬ್ಬರೂ ಗುಂಡು ಹಾರಿಸುವುದಿಲ್ಲ, ಆದರೂ ಪುಸ್ತಕದಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದು ಕೂರಿಸಿದ್ದು ಅದೇ. ಯುದ್ಧ ಮುಗಿದ ಮೇಲೂ ಯುದ್ಧ ಜನರ ಒಳಗೆ ಹೇಗೆ ಉಳಿಯುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಫ್ಯಾಂಟಸಿಯಲ್ಲಿ ನಾನು ಕಂಡಿಲ್ಲ.

ಈಗ ಲೋರಿ. ಅವನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನಾನು ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಕಿವಿಗೆ ಹೆಡ್‌ಫೋನ್, ಮುಂದೆ ಚಾರ್ಟ್. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸ್ಟೇಷನ್. ಪ್ರತಿ ಗಾಡಿಗೂ ಒಂದು ಓರೆ ಗೆರೆ. ಗಾಡಿ ಎಲ್ಲಾದರೂ ನಿಂತರೆ ಆ ಗೆರೆ ಮಟ್ಟಸವಾಗುತ್ತದೆ, ಕೂಡಲೇ ಫೋನ್ ಬರುತ್ತದೆ: ಯಾಕೆ ಡಿಟೆನ್ಷನ್ (ಗಾಡಿ ತಡೆದು ನಿಂತದ್ದು), ಯಾರ ಲೆಕ್ಕಕ್ಕೆ? ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಶಿಫ್ಟ್ ಮುಗಿಯುತ್ತದೆ. ಲೋರಿಯ ಬದುಕು ಪೂರ್ತಿ ಆ ಪ್ರಶ್ನೆಯ ಭಯದಲ್ಲಿದೆ. ಅವನು ಲೈನಿನೊಳಗೇ ಬೆಳೆದವನು. ಬಯಲು, ಆಕಾಶ ಕಂಡರೆ ಅವನಿಗೆ ಆಗುವುದಿಲ್ಲ. ಏನೇ ನಡೆದರೂ ಮೇಲಿನವರಿಗೆ ತಂತಿಯಲ್ಲಿ ವರದಿ ಹೋಗಬೇಕು. ವರದಿಯಲ್ಲಿ ತಪ್ಪು ತನ್ನದಾಗಬಾರದು. ಮೇಲಿನವನು ಹೋದರೆ ಅವನ ಕುರ್ಚಿ ಇವನಿಗೆ ಬರುತ್ತದೆ. ಅದರ ಜತೆಗೆ ಅವನನ್ನು ಬಲಿ ತೆಗೆದುಕೊಂಡ ಅದೇ ಹೊಣೆಯೂ ಬರುತ್ತದೆ. ಬಡ್ತಿ ಸಿಕ್ಕಿದಾಗ ಲೋರಿಗೆ ಆಗುವುದು ಖುಷಿ ಮತ್ತು ಹೆದರಿಕೆ, ಎರಡೂ ಒಟ್ಟಿಗೆ. ಅದನ್ನು ಗಿಲ್ಮನ್ ಎಷ್ಟು ಸರಿಯಾಗಿ ಬರೆದಿದ್ದಾರೆ ಅಂದರೆ, ಓದುವಾಗ ನನಗೆ ಪರಿಚಯದ ಮುಖಗಳು ಬಂದು ಹೋದವು.

ಖಳನಾಯಕನನ್ನು ಹೀಗೆ ಬರೆಯುವುದು ಸುಲಭವಲ್ಲ. ಲೋರಿ ಮಾಡುವ ಕೆಲಸಗಳು ಭೀಕರ. ಊರುಗಳನ್ನು ಹೊಸಕಿಹಾಕುತ್ತಾನೆ, ಬೇಡುವವರ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೂ ಅವನು ಕ್ರೂರಿ ಅನ್ನುವುದಕ್ಕಿಂತ ಬೇರೆ ರೀತಿ ಬದುಕಿಯೇ ಗೊತ್ತಿಲ್ಲದವನು ಅನ್ನಿಸುತ್ತದೆ. ಮೂವರಲ್ಲಿ ನನಗೆ ಪೂರ್ತಿ ನಿಜ ಅನ್ನಿಸಿದವನು ಇವನೇ.

ಲೈನ್ ಬರೀ ಹಳಿ, ಹೊಗೆ, ಫಿರಂಗಿ ಅಲ್ಲ, ಅದೊಂದು ಶಿಸ್ತು ಅನ್ನುವುದನ್ನೂ ಪುಸ್ತಕ ಚೆನ್ನಾಗಿ ಹಿಡಿದಿದೆ. ನಿಜವಾದ ಇತಿಹಾಸದಲ್ಲೂ ಹಾಗೆಯೇ ಆಯಿತು. 1883ರ ನವೆಂಬರ್ 18ರವರೆಗೆ ಅಮೆರಿಕದ ಊರೂರಿಗೂ ಅದರದೇ ಗಡಿಯಾರ ಇತ್ತು. ನೆತ್ತಿ ಮೇಲೆ ಸೂರ್ಯ ಬಂದರೆ ಆ ಊರಿಗೆ ಮಧ್ಯಾಹ್ನ. ಅಂದು ರೈಲ್ವೆ ಕಂಪನಿಗಳು ತಾವೇ ಸೇರಿ ದೇಶವನ್ನು ಸಮಯದ ವಲಯಗಳಾಗಿ ಹಂಚಿಬಿಟ್ಟವು. ಸರ್ಕಾರ ಅದಕ್ಕೆ ಕಾನೂನು ಮಾಡಿದ್ದು 1918ರಲ್ಲಿ. ಅಲ್ಲಿಯವರೆಗೆ ಸೂರ್ಯನಿಗಿಂತ ರೈಲಿನ ಮಾತೇ ನಡೆಯಿತು. ಇದು ಗೊತ್ತಿದ್ದು ಈ ಕಾದಂಬರಿ ಓದಿದರೆ ಇಂಜಿನ್ನುಗಳು ಮನುಷ್ಯರನ್ನು ಆಳುತ್ತವೆ ಅನ್ನುವುದು ಅತಿಯಾದ ಕಲ್ಪನೆ ಅನ್ನಿಸುವುದೇ ಇಲ್ಲ.

ಕ್ರೀಡ್‌ಮೂರ್ ಮಾತಿನ ಮಲ್ಲ. ಅವನ ಬಂದೂಕಿನಲ್ಲಿರುವ ದೆವ್ವದ ಹೆಸರು ಮಾರ್ಮಿಯನ್. ಅದು ಅವನ ತಲೆಯೊಳಗೇ ಮಾತಾಡುತ್ತದೆ. ಇವರಿಬ್ಬರ ಜಗಳ ಓದುವುದಕ್ಕೆ ತುಂಬಾ ಚೆನ್ನಾಗಿದೆ. ಇವನು ವಾದ ಹೂಡುತ್ತಾನೆ, ಅದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಆದರೆ ಅವನ ಪಶ್ಚಾತ್ತಾಪ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಬಿಡಬೇಕು ಅನ್ನುತ್ತಾನೆ, ಬಿಡುವುದಿಲ್ಲ, ಮತ್ತೆ ಅನ್ನುತ್ತಾನೆ. ಪುಸ್ತಕದ ನಡುಭಾಗಕ್ಕೆ ಬರುವಷ್ಟರಲ್ಲಿ ನನಗೆ ಸ್ವಲ್ಪ ಸಾಕಾಗಿತ್ತು.

ನಡುಭಾಗದ ಮಾತು ಬಂತು, ಹೇಳಿಬಿಡುತ್ತೇನೆ. ಆಸ್ಪತ್ರೆಯಿಂದ ಆಚೆ ಬಂದ ಮೇಲೆ ಕಥೆ ಒಂದು ಉದ್ದನೆಯ ಬೆನ್ನಟ್ಟುವಿಕೆ ಆಗುತ್ತದೆ. ಕ್ರೀಡ್‌ಮೂರ್, ಲಿವ್ ಮತ್ತು ಜನರಲ್ ಮುಂದೆ, ಲೋರಿಯ ಪಡೆ ಹಿಂದೆ. ನಡೆಯುತ್ತಾರೆ, ಹಸಿಯುತ್ತಾರೆ, ಜಗಳವಾಡುತ್ತಾರೆ, ಮತ್ತೆ ನಡೆಯುತ್ತಾರೆ. ಅಧ್ಯಾಯಗಳು ಒಂದರಂತೆ ಇನ್ನೊಂದಿವೆ. ಸಂಪಾದಕರು ಇಲ್ಲಿ ಕತ್ತರಿ ಆಡಿಸಬೇಕಿತ್ತು. ಇನ್ನೂ ದೊಡ್ಡ ತೊಂದರೆ ಲಿವ್‌ಳದ್ದು. ಮೊದಲ ಭಾಗದಲ್ಲಿ ತನ್ನ ಬದುಕಿನ ತೀರ್ಮಾನ ತಾನೇ ಮಾಡಿದ ಹೆಂಗಸು, ಇಲ್ಲಿ ಬಹಳ ದೂರದವರೆಗೆ ಬೇರೆಯವರು ಎಳೆದುಕೊಂಡು ಹೋದ ಕಡೆ ಹೋಗುವವಳಾಗುತ್ತಾಳೆ. ಕಡೆಗೆ ಚೇತರಿಸಿಕೊಳ್ಳುತ್ತಾಳೆ ಅನ್ನುವುದು ನಿಜ. ಆದರೆ ವೈದ್ಯೆಯಾಗಿ ಅವಳಿಗಿದ್ದ ತಿಳಿವಳಿಕೆ ದಾರಿಯಲ್ಲಿ ಇನ್ನಷ್ಟು ಕೆಲಸಕ್ಕೆ ಬರಬಹುದಿತ್ತು.

ಆ ಬೇಸರದ ಮಧ್ಯೆಯೂ ನನ್ನನ್ನು ಮುಂದೆ ಎಳೆದದ್ದು ಆ ನೆಲ. ಪಶ್ಚಿಮಕ್ಕೆ ಹೋದಷ್ಟೂ ಲೋಕ ಇನ್ನೂ ಸೃಷ್ಟಿಯಾಗಿ ಮುಗಿದಿಲ್ಲ! ಪುಸ್ತಕದ ಹೆಸರು ಅದರಿಂದಲೇ ಬಂದದ್ದು. ಜನ ಹೋಗಿ ನೆಲೆಸಿದ ಕಡೆ ನೆಲ ಗಟ್ಟಿಯಾಗುತ್ತದೆ, ನಿಯಮಗಳು ನಿಲ್ಲುತ್ತವೆ. ಅದರಾಚೆ ಯಾವುದಕ್ಕೂ ಖಾತ್ರಿ ಇಲ್ಲ. ಪ್ರಾಣಿಗಳೂ ಒಂದು ರೂಪಕ್ಕೆ ಬಂದಿಲ್ಲ. ಅಮೆರಿಕದ 1890ರ ಜನಗಣತಿ ಆದಮೇಲೆ, ವಲಸೆ ಬಂದವರ ನೆಲೆ ಎಲ್ಲಿಗೆ ಮುಗಿಯುತ್ತದೆ ಅಂತ ಇನ್ನು ಮುಂದೆ ನಕ್ಷೆಯ ಮೇಲೆ ಗಡಿರೇಖೆ ಎಳೆಯಲು ಆಗುವುದಿಲ್ಲ, ಎಲ್ಲ ಕಡೆ ನೆಲೆಗಳಾಗಿವೆ ಅಂತ ಅಧಿಕಾರಿಗಳು ಬರೆದರು. ಮೂರು ವರ್ಷದ ನಂತರ, 1893ರಲ್ಲಿ, ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ಇತಿಹಾಸಕಾರ ಅದೇ ಮಾತಿನ ಮೇಲೆ ತಮ್ಮ ಹೆಸರಾಂತ ವಾದ ಕಟ್ಟಿದರು. ಗಡಿಯ ಬದುಕೇ ಅಮೆರಿಕನ್ನರನ್ನು ರೂಪಿಸಿತು ಅಂದರು. ಗಿಲ್ಮನ್ ಲೋಕದಲ್ಲಿ ಆ ಗೆರೆ ಕಾಲಿಗೇ ಸಿಗುತ್ತದೆ. ದಾಟಿದರೆ ಪಾದದ ಕೆಳಗಿನ ಮಣ್ಣೇ ಬೇರೆ.

ನನ್ನ ಮುಖ್ಯ ತಕರಾರು ಇಲ್ಲೇ ಇದೆ. ಖಾಲಿ ನೆಲ, ಯಾರೂ ಮುಟ್ಟದ ನೆಲ ಅನ್ನುವುದು ವಲಸೆ ಬಂದವರು ತಮಗೆ ತಾವೇ ಹೇಳಿಕೊಂಡ ಸುಳ್ಳು. ಅಲ್ಲಿ ಜನ ಇದ್ದರು. ಕಪ್ಪು ಬೆಟ್ಟಗಳು (ಬ್ಲ್ಯಾಕ್ ಹಿಲ್ಸ್) ಅಲ್ಲಿನ ಮೂಲನಿವಾಸಿಗಳಾದ ಲಕೋಟ ಜನರಿಗೆ ಸೇರಿದ್ದು ಅಂತ 1868ರ ಫೋರ್ಟ್ ಲಾರಮಿ ಒಪ್ಪಂದ ಒಪ್ಪಿಕೊಂಡಿತ್ತು. ಚಿನ್ನ ಸಿಕ್ಕ ಮೇಲೆ ಆ ಒಪ್ಪಂದಕ್ಕೆ ಬೆಲೆ ಇರಲಿಲ್ಲ. ಗಡಿ ಮುಗಿಯಿತು ಅಂತ ಅಧಿಕಾರಿಗಳು ಲೆಕ್ಕ ಹಾಕಿದ ಅದೇ 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಸೈನ್ಯ ಲಕೋಟ ಜನರನ್ನು ಹೆಂಗಸರು ಮಕ್ಕಳು ಅನ್ನದೆ ಕೊಂದಿತು. ಇಂಥ ಇತಿಹಾಸದಿಂದ ಕಥೆ ಎತ್ತಿಕೊಂಡ ಮೇಲೆ ಆ ಜನರಿಗೆ ಪುಸ್ತಕದಲ್ಲಿ ಎಷ್ಟು ಜಾಗ ಸಿಕ್ಕಿದೆ ಅಂತ ಕೇಳಲೇಬೇಕು.

ಜಾಗ ಇದೆ, ದನಿ ಇಲ್ಲ. ಅವರನ್ನು ‘ಹಿಲ್ ಫೋಕ್’ ಅನ್ನುತ್ತಾರೆ. ವಲಸೆಗಾರರಿಗಿಂತ ಮೊದಲೇ ಆ ನೆಲದಲ್ಲಿ ಇದ್ದವರು. ಹಲವರನ್ನು ಗುಲಾಮರನ್ನಾಗಿ ದುಡಿಸುತ್ತಾರೆ. ಜನರಲ್‌ನ ತಲೆಯಲ್ಲಿರುವ ಗುಟ್ಟೂ ಅವರಿಂದಲೇ ಬಂದದ್ದು. ಇಷ್ಟೆಲ್ಲ ಇದ್ದೂ ಗಿಲ್ಮನ್ ಈ ಜನರನ್ನು ಮನುಷ್ಯರಂತೆ ಕಾಣಿಸುವುದಿಲ್ಲ. ಸತ್ತರೆ ಮತ್ತೆ ಏಳುತ್ತಾರೆ, ಕಲ್ಲಿನ ಮೇಲೆ ಗುರುತು ಕೆತ್ತುತ್ತಾರೆ, ಒಗಟಿನಂತೆ ಬಂದು ಹೋಗುತ್ತಾರೆ. ಲಿವ್‌ಗೆ ಅಧ್ಯಾಯಗಳಿವೆ, ಕ್ರೀಡ್‌ಮೂರ್‌ಗೆ ಇವೆ, ಊರು ಹೊಸಕುವ ಲೋರಿಗೂ ಇವೆ. ಆ ನೆಲ ಯಾರದ್ದೋ ಅವರಿಗೆ ಒಂದು ಅಧ್ಯಾಯವೂ ಇಲ್ಲ. ವಲಸೆಗಾರರ ಕಣ್ಣಿಗೆ ಅವರು ಹಾಗೆ ಕಂಡರು ಅಂತ ತೋರಿಸಲು ಬೇಕಂತಲೇ ಹೀಗೆ ಮಾಡಿರಬಹುದು ಅಂತ ಕೆಲವರು ವಾದಿಸಬಹುದು. ನಾನು ಒಪ್ಪುವುದಿಲ್ಲ. ಹಾಗಿದ್ದರೆ ಆ ಕಣ್ಣು ತಪ್ಪು ಅಂತ ಎಲ್ಲಾದರೂ ಒಮ್ಮೆ ಕಥೆಯೇ ತೋರಿಸಬೇಕಿತ್ತು. ಒಬ್ಬ ಗುಮಾಸ್ತನಂಥ ಅಧಿಕಾರಿಯ ಎದೆಯೊಳಗೆ ಇಷ್ಟು ಆಳಕ್ಕೆ ಇಳಿಯಬಲ್ಲ ಲೇಖಕರಿಗೆ ಇದು ಆಗದ ಕೆಲಸವೇನಲ್ಲ. ಅದಕ್ಕೇ ನನಗೆ ಬೇಜಾರು ಜಾಸ್ತಿ.

ಭಾಷೆಯ ಬಗ್ಗೆ ಹೇಳುವುದು ಕಡಿಮೆ. ಇಂಗ್ಲಿಷ್ ಸರಾಗವಾಗಿದೆ, ವರ್ಣನೆ ದಟ್ಟವಾಗಿದೆ. ಆದರೆ ಮೊದಲ ನೂರು ಪುಟಗಳಲ್ಲಿ ಹೆಸರುಗಳ ಸುರಿಮಳೆ. ಸ್ಟೇಷನ್‌ಗಳು, ದರ್ಜೆಗಳು, ಹಳೆಯ ಕದನಗಳು. ಯಾವುದು ಮುಖ್ಯ ಅಂತ ಗೊತ್ತಾಗುವುದಿಲ್ಲ. ಎಲ್ಲವನ್ನೂ ನೆನಪಿಡಲು ಹೋಗಬೇಡಿ. ಮೂವರು, ಜನರಲ್, ಎರಡು ಶಕ್ತಿಗಳು, ಇಷ್ಟು ಹಿಡಿದುಕೊಂಡರೆ ಸಾಕು. ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ.

ಕೊನೆಯಲ್ಲಿ ಎಲ್ಲ ಗಂಟೂ ಬಿಚ್ಚುತ್ತದೆ ಅಂದುಕೊಂಡು ಓದಬೇಡಿ. ಯುದ್ಧದ ಗತಿ ಏನಾಯಿತು ಅನ್ನುವುದಕ್ಕೆ 2012ರಲ್ಲಿ ಬಂದ ‘ದ ರೈಸ್ ಆಫ್ ರ್‍ಯಾನ್ಸಮ್ ಸಿಟಿ’ ಓದಬೇಕು. ಅದರಲ್ಲಿ ಹ್ಯಾರಿ ರ್‍ಯಾನ್ಸಮ್ ಎಂಬ ಸಂಶೋಧಕ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಬೆಳಕು ಕೊಡುವ ಯಂತ್ರ ಮಾಡಿಕೊಂಡು ಊರೂರು ತಿರುಗಿ ಬಂಡವಾಳ ಹುಡುಕುವವನು. ಬಡಾಯಿ ಕೊಚ್ಚುವ, ಚುರುಕು ದನಿ. ಮೊದಲ ಪುಸ್ತಕದ ಭಾರ ಅದರಲ್ಲಿಲ್ಲ. ಆದರೆ ನೇರವಾಗಿ ಅದಕ್ಕೇ ಕೈಹಾಕಬೇಡಿ, ಮೊದಲು ಇದನ್ನು ಮುಗಿಸಿ. ಬಿರುಸಿನ ಗುಂಡಿನ ಕಾಳಗ, ಬೇಗ ಮುಗಿಯುವ ಕಥೆ ಬೇಕಾದವರಿಗೆ ಇದು ಆಗಿಬರುವುದಿಲ್ಲ. ನಿಧಾನವಾಗಿ ಓದುವ ಅಭ್ಯಾಸ ಇದ್ದವರು, ರೈಲು ಅಂದರೆ ಪ್ರೀತಿ ಇದ್ದವರು ಖಂಡಿತ ತೆಗೆದುಕೊಳ್ಳಿ. ನಡುವಿನ ಬೆನ್ನಟ್ಟುವಿಕೆಯಲ್ಲಿ ಬೇಸರ ಬಂದರೆ ಲೋರಿಯ ಅಧ್ಯಾಯಗಳನ್ನು ಮಾತ್ರ ಒಂದೂ ಬಿಡದೆ ಓದಿ.