ಡುಬ್ರೊವ್ನಿಕ್‌ನಲ್ಲಿ ಹಡಗಿಳಿದು ಕೋಟೆ ಗೋಡೆ ಹತ್ತುವ ಮುಂಚೆ ಇದನ್ನು ಓದಿ

ಮೆಡಿಟರೇನಿಯನ್ ಕ್ರೂಸ್‌ಗೆ ಹೋಗುವ ನಮ್ಮವರು ಈಗ ಜಾಸ್ತಿ ಆಗಿದ್ದಾರೆ. ಯೂರೋಪಿನಲ್ಲಿ ಕೆಲಸ ಮಾಡುವ ಮಕ್ಕಳು ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ. ರೈಲು, ಬಸ್ಸು, ಹೋಟೆಲು ಅಂತ ಅವರನ್ನು ಓಡಾಡಿಸುವುದು ಬೇಡ, ಹಡಗಾದರೆ ಒಂದೇ ರೂಮು, ದಿನಾ ಸಾಮಾನು ಕಟ್ಟುವ ಕೆಲಸ ಇಲ್ಲ ಅಂತ ಹೊರಡುತ್ತಾರೆ. ನಾವೂ ಹಾಗೇ ಹೊರಟಿದ್ದು. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ನಮಗಾದದ್ದು ಇನ್ನೊಂದು ಮನೆಯವರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಜೊತೆಯಲ್ಲಿ ವಯಸ್ಸಾದವರು, ಅದರಲ್ಲೂ ಬಿಪಿ ಮಾತ್ರೆ ತೊಗೊಳ್ಳುವವರು ಇದ್ದರೆ ದಯವಿಟ್ಟು ಪೂರ್ತಿ ಓದಿ.

ಊರಿನ ಮೇಲೆ ನನಗೆ ಏನೂ ಸಿಟ್ಟಿಲ್ಲ. ಅಷ್ಟು ಚಂದದ ಊರು ಅದು. ಒಂದು ಕಾಲಕ್ಕೆ ರಗೂಸಾ ಅನ್ನೋ ಹೆಸರಲ್ಲಿ ತನ್ನದೇ ಗಣರಾಜ್ಯವಾಗಿ, ಬರೀ ಹಡಗು ಮತ್ತು ವ್ಯಾಪಾರದ ಬಲದಲ್ಲಿ ಬಾಳಿದ ಊರು. 1667ರ ಭೂಕಂಪದಲ್ಲಿ ಬಹುಪಾಲು ಬಿದ್ದುಹೋಗಿ ಮತ್ತೆ ಕಟ್ಟಿಕೊಂಡಿತು. 1979ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಯುಗೊಸ್ಲಾವಿಯಾ ಒಡೆದಾಗ ನಡೆದ ಯುದ್ಧದಲ್ಲಿ, 1991ರ ಡಿಸೆಂಬರ್ 6ರಂದು, ಕೋಟೆ ಗೋಡೆಯೊಳಗಿನ ಈ ಹಳೇ ಊರಿನ ಮೇಲೆ ಶೆಲ್‌ಗಳು ಬಿದ್ದವು, ಮನೆ ಮಾಡುಗಳು ಒಡೆದವು. ಗೋಡೆ ಮೇಲೆ ನಿಂತು ನೋಡಿದರೆ ಯಾವುದು ಹಳೇ ಹೆಂಚು, ಯಾವುದು ಯುದ್ಧ ಆದಮೇಲೆ ಹೊದಿಸಿದ ಹೊಸ ಹೆಂಚು ಅಂತ ಬಣ್ಣದಲ್ಲೇ ಗೊತ್ತಾಗುತ್ತದೆ. ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು. ಆ ಹೆಂಚು ನೋಡಬೇಕು ಅಂತಲೇ ಅವರಿಗೆ ಆಸೆ ಇತ್ತು.

ಮೊದಲನೆಯದಾಗಿ ಸಮಯದ ಲೆಕ್ಕ. ಕ್ರೂಸ್ ಕಾಗದದಲ್ಲಿ ಬೆಳಿಗ್ಗೆ 9ರಿಂದ ಸಂಜೆ 4 ಅಂತ ಇರುತ್ತದೆ. ಓಹೋ, ಏಳು ಗಂಟೆ ಸಿಕ್ಕಿತು ಅನ್ನಿಸುತ್ತದೆ. ಸಿಗುವುದಿಲ್ಲ. ಹಡಗು ಕಟ್ಟಿ, ಅನುಮತಿ ಬಂದು, ಸಾಲಿನಲ್ಲಿ ನಿಂತು ಕೆಳಗಿಳಿಯುವಾಗ 10 ಆಗಿರುತ್ತದೆ. 4ಕ್ಕೆ ಹೊರಡುವ ಹಡಗಿಗೆ 3.30ಕ್ಕೆ ಒಳಗಿರಬೇಕು. ಇನ್ನೊಂದು ವಿಷಯ, ದೊಡ್ಡ ಹಡಗುಗಳು ನಿಲ್ಲುವುದು ಗ್ರೂಜ್ ಬಂದರಿನಲ್ಲಿ. ಅಲ್ಲಿಂದ ಹಳೇ ಊರಿನ ಪೀಲೆ ಬಾಗಿಲಿಗೆ ಸುಮಾರು ಮೂರು ಕಿಲೋಮೀಟರ್. ಹಡಗಿಳಿದು ಸುತ್ತ ನೋಡಿದರೆ ಕೋಟೆ ಕಾಣುವುದೇ ಇಲ್ಲ. ಗೊತ್ತಿಲ್ಲದವರು ಅಲ್ಲೇ ತಬ್ಬಿಬ್ಬಾಗುತ್ತಾರೆ, ಮತ್ತು ಅಂಥವರಿಗಾಗಿಯೇ ಗೇಟಿನ ಹೊರಗೆ ಜನ ಕಾಯುತ್ತಿರುತ್ತಾರೆ.

ನಮಗೆ ಸಿಕ್ಕಿದವನು ಕುತ್ತಿಗೆಗೆ ಕಾರ್ಡು ಹಾಕಿಕೊಂಡಿದ್ದ, ಕೈಯಲ್ಲಿ ನಮ್ಮ ಹಡಗಿನ ಹೆಸರು ಬರೆದ ಹಲಗೆ ಹಿಡಿದಿದ್ದ. ನೋಡಿದವರಿಗೆ ಹಡಗಿನ ಕಡೆಯವನೇ ಅನ್ನಿಸಬೇಕು, ಹಾಗಿತ್ತು. ತಲೆಗೆ 60 ಯೂರೋ. ಅದರಲ್ಲಿ ಕಾರು, ಗೈಡು, ಗೋಡೆಯ ಟಿಕೆಟ್ಟು, ಸಾಲಿಲ್ಲದೆ ಒಳಗೆ, ಮಧ್ಯಾಹ್ನ 2.30ಕ್ಕೆ ಪೀಲೆಯಿಂದ ವಾಪಸ್ ಹಡಗಿಗೆ ಬಿಡುವುದು, ಎಲ್ಲಾ ಸೇರಿದೆ ಅಂದ. ಅಪ್ಪನಿಗೆ ಎಪ್ಪತ್ತು ದಾಟಿದೆ, ಅಷ್ಟು ದೂರ ನಡೆಯೋಕೆ ಆಗುತ್ತಾ ಅಂತ ನಾನು ಬಿಡಿಸಿ ಬಿಡಿಸಿ ಕೇಳಿದೆ. ಏನೂ ತೊಂದರೆ ಇಲ್ಲ, ಗೋಡೆಯಿಂದ ಎಲ್ಲಿ ಬೇಕಾದರೂ ಇಳಿಯಬಹುದು, ಒಟ್ಟು ನಲವತ್ತು ನಿಮಿಷದ ನಡಿಗೆ ಅಂದ. ಈ ಎರಡೂ ಸುಳ್ಳು. ನೀವು ನೆನಪಿಟ್ಟುಕೊಳ್ಳಬೇಕಾದದ್ದೂ ಇವೇ ಎರಡು.

ಪೀಲೆಗೆ ಬಿಟ್ಟು ಕಾರು ಹೋಯಿತು. ಅಲ್ಲಿ ಛತ್ರಿ ಹಿಡಿದು ನಿಂತಿದ್ದ ಗೈಡು ಹುಡುಗಿಯ ಹಿಂದೆ ಆಗಲೇ ದೊಡ್ಡ ಗುಂಪಿತ್ತು. ಟಿಕೆಟ್ ವಿಷಯ ನನಗೆ ಗೊತ್ತಿಲ್ಲ, ನೀವೇ ತೊಗೊಳ್ಳಿ ಅಂದುಬಿಟ್ಟಳು. ನಾವು ಹೋದಾಗ ಗೋಡೆಗೆ ದೊಡ್ಡವರಿಗೆ 40 ಯೂರೋ. ನಾಲ್ಕು ಜನಕ್ಕೆ 160 ಮತ್ತೆ ಕೊಟ್ಟೆವು. ಸಾಲಿಲ್ಲದೆ ಒಳಗೆ ಅಂದಿದ್ದನಲ್ಲ, ಟಿಕೆಟ್ ಸಾಲೇ ಮುಕ್ಕಾಲು ಗಂಟೆ ಇತ್ತು, ಅದೂ ಬಿಸಿಲಲ್ಲಿ. ಗೋಡೆ ಹತ್ತಿದಾಗ ಹನ್ನೊಂದು ಮುಕ್ಕಾಲು. ಜುಲೈ ತಿಂಗಳು.

ಈಗ ಗೋಡೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸುತ್ತಳತೆ ಸುಮಾರು 1,940 ಮೀಟರ್. ಎರಡು ಕಿಲೋಮೀಟರ್ ತಾನೇ, ಊರಲ್ಲಿ ದಿನಾ ವಾಕಿಂಗ್ ಹೋಗುತ್ತಾರಲ್ಲ ಅಂದುಕೊಳ್ಳಬೇಡಿ. ಉದ್ದಕ್ಕೂ ಮೆಟ್ಟಿಲು, ಹತ್ತು, ಇಳಿ, ಮತ್ತೆ ಹತ್ತು. ನೆರಳು ಇಲ್ಲವೇ ಇಲ್ಲ ಅನ್ನಬೇಕು. ಮೇಲಿಂದ ಬಿಸಿಲು, ಕೆಳಗೆ ಕಾದ ಕಲ್ಲು, ಒಳ್ಳೇ ರೊಟ್ಟಿ ಹಂಚಿನ ಮೇಲೆ ನಿಂತ ಹಾಗೆ. ಮುಖ್ಯವಾಗಿ, ನಡಿಗೆ ಒಂದೇ ದಿಕ್ಕಿನಲ್ಲಿ. ಎಲ್ಲರೂ ಅಪ್ರದಕ್ಷಿಣವಾಗಿಯೇ ಹೋಗಬೇಕು. ಹತ್ತುವ ಇಳಿಯುವ ಜಾಗ ಮೂರೇ: ಪಶ್ಚಿಮಕ್ಕೆ ಪೀಲೆ, ಬಂದರಿನ ಪಕ್ಕ ಸೇಂಟ್ ಜಾನ್ ಕೋಟೆ, ಪೂರ್ವಕ್ಕೆ ಪ್ಲೊಚೆ ಬಾಗಿಲ ಹತ್ತಿರ ಸೇಂಟ್ ಲ್ಯೂಕ್. ಪೀಲೆಯಲ್ಲಿ ಹತ್ತಿದರೆ ಮೊದಲು ಸಮುದ್ರದ ಕಡೆ ಹಾಯಾಗಿ ಸಾಗುತ್ತದೆ. ಗಾಳಿ ಇರುತ್ತದೆ, ಎದುರಿಗೆ ಲೊಕ್ರುಮ್ ದ್ವೀಪ ಕಾಣುತ್ತದೆ, ಇಷ್ಟೇನಾ ಅನ್ನಿಸುತ್ತದೆ. ಮೋಸ ಹೋಗುವುದೇ ಅಲ್ಲಿ. ಪ್ಲೊಚೆ ದಾಟಿದ ಮೇಲೆ ಉತ್ತರದ ಗೋಡೆ ಶುರು. ಅಲ್ಲಿಂದ ಮಿನ್ಚೆತಾ ಬುರುಜಿನವರೆಗೆ ಬರೀ ಏರು. ಅದೇ ಕೋಟೆಯ ಅತಿ ಎತ್ತರದ ಜಾಗ. ನಡುವೆ ಇಳಿಯುವ ದಾರಿ ಇಲ್ಲ. ಅಂದರೆ ಶಕ್ತಿಯೆಲ್ಲಾ ಮುಗಿದ ಮೇಲೆ, ನಡು ಮಧ್ಯಾಹ್ನ, ಅತಿ ಕಷ್ಟದ ಭಾಗ ಬರುತ್ತದೆ.

ಸೇಂಟ್ ಲ್ಯೂಕ್ ಹತ್ತಿರ ಅಪ್ಪ ಕೆಂಪಗಾಗಿದ್ದರು. ಇಲ್ಲೇ ಇಳಿಯೋಣವಾ ಅಂತ ನಾನು ಆ ಹುಡುಗಿಯನ್ನು ಕೇಳಿದರೆ, ಇನ್ನು ಐದು ನಿಮಿಷ, ಮುಂದೆ ಇಳಿಯಬಹುದು ಅಂತ ಕೈ ತೋರಿಸಿ ಹೊರಟಳು. ಆಮೇಲೆ ಅವಳ ಛತ್ರಿ ಕಾಣಲೇ ಇಲ್ಲ. ಅರ್ಧ ಏರಿನಲ್ಲಿ ಅಪ್ಪ ಗೋಡೆಗೆ ಕೈ ಕೊಟ್ಟು ನಿಂತರು. ಏನಾಯ್ತಪ್ಪಾ ಅಂದೆ. "ಏನಿಲ್ಲ ಕಣೋ, ಸ್ವಲ್ಪ ಕಣ್ಣು ಕತ್ತಲೆ ಬಂತು" ಅಂದರು. ಅಮ್ಮ "ರೀ, ಕೂತ್ಕೊಳ್ಳಿ ಮೊದಲು" ಅನ್ನುವಷ್ಟರಲ್ಲಿ ಮೆಟ್ಟಿಲ ಮೇಲೇ ಕುಸಿದರು. ಮುಖ ಬಿಳಿಚಿಕೊಂಡಿತ್ತು, ಮೈಯೆಲ್ಲಾ ತಣ್ಣನೆ ಬೆವರು, ಮೀನಖಂಡ ಹಿಡಿದುಕೊಂಡು ಕಾಲು ನೇರ ಮಾಡೋಕೆ ಆಗುತ್ತಿಲ್ಲ, ವಾಂತಿ ಬರುವ ಹಾಗೆ ಆಗುತ್ತಿದೆ ಅನ್ನುತ್ತಿದ್ದಾರೆ. ದಾರಿ ಕಿರಿದು. ಹಿಂದಿನಿಂದ ಜನ ಬರುತ್ತಲೇ ಇದ್ದಾರೆ. ನನ್ನ ಹೆಂಡತಿ ಅವಳ ದುಪಟ್ಟಾ ಬಿಚ್ಚಿ ಅಪ್ಪನ ತಲೆ ಮೇಲೆ ಹಿಡಿದುಕೊಂಡು ನಿಂತಳು, ಆ ಜಾಗದಲ್ಲಿ ಸಿಕ್ಕಿದ ನೆರಳು ಅಂದರೆ ಅದೊಂದೇ.

ಅಮ್ಮನ ಕೈಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇತ್ತು. ಅದು ಆವತ್ತು ನಮ್ಮನ್ನು ಕಾಪಾಡಿತು. ಯಾರೋ ಪರದೇಶದ ದಂಪತಿ ತಮ್ಮ ನೀರಿನ ಬಾಟಲಿ ಕೊಟ್ಟರು, ಅದರಲ್ಲೇ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದೆವು. ಗೋಡೆಯ ಸಿಬ್ಬಂದಿಯೊಬ್ಬರು ಬಂದರು. ಅವರಿಗೆ ನಾನು ಯಾವತ್ತೂ ಋಣಿ. ಬರುವ ಜನರನ್ನು ತಡೆದು ನಿಲ್ಲಿಸಿ, ಅಪ್ಪನ ಒಂದು ಕಡೆ ಅವರು, ಇನ್ನೊಂದು ಕಡೆ ನಾನು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಉಲ್ಟಾ ದಿಕ್ಕಿನಲ್ಲಿ ಪ್ಲೊಚೆ ಕಡೆಗೆ ಇಳಿಸಿದೆವು. ಎಷ್ಟು ಹೊತ್ತು ಹಿಡಿಯಿತು ಅಂತ ನನಗೆ ಈಗಲೂ ಹೇಳೋಕೆ ಬರುವುದಿಲ್ಲ. ಆಂಬುಲೆನ್ಸ್ ಕರೆಸಲಾ ಅಂತ ಅವರು ಕೇಳಿದರು. ಅಪ್ಪ ನೆರಳಲ್ಲಿ ಕಾಲು ಚಾಚಿ ಕೂತು ಮಾತಾಡತೊಡಗಿದ್ದರಿಂದ ಬೇಡ ಅಂದೆವು. ಈ ನಂಬರು ಫೋನಿನಲ್ಲಿ ಇಟ್ಟುಕೊಂಡಿರಿ: ಕ್ರೊಯೇಷಿಯಾದಲ್ಲಿ ಆಂಬುಲೆನ್ಸ್‌ಗೆ 194, ಎಲ್ಲಾ ತುರ್ತಿಗೂ 112.

ಅಲ್ಲಿಂದ ಸ್ತ್ರಾದುನ್ ಬೀದಿಯಲ್ಲಿ ನಿಧಾನವಾಗಿ ಪೀಲೆಗೆ ಬಂದೆವು. ಸುಮಾರು ಮುನ್ನೂರು ಮೀಟರ್ ಬೀದಿ, ಜನ ನಡೆದು ನಡೆದು ಸವೆದ ಸುಣ್ಣಕಲ್ಲು, ಕನ್ನಡಿಯಂತೆ ಹೊಳೆಯುತ್ತದೆ. ನೀರು ಬಿದ್ದಿದ್ದರೆ ಜಾರುತ್ತದೆ, ಸವೆದ ಚಪ್ಪಲಿಯಲ್ಲಿ ದೊಡ್ಡವರನ್ನು ಕರೆದುಕೊಂಡು ಹೋಗಬೇಡಿ. ಪೀಲೆಯ ಹತ್ತಿರ ಒನೊಫ್ರಿಯೊ ಕಾರಂಜಿ ಇದೆ, 1438ರ ಕಾಲದ್ದು, ಹನ್ನೆರಡು ಕಿಲೋಮೀಟರ್ ದೂರದಿಂದ ಊರಿಗೆ ನೀರು ತಂದ ವ್ಯವಸ್ಥೆಯ ಕೊನೆ ಅದು. ಸುತ್ತ ಹದಿನಾರು ನಲ್ಲಿ. ನೀರು ಕುಡಿಯೋಕೆ ಯೋಗ್ಯ, ತಣ್ಣಗಿದೆ, ದುಡ್ಡಿಲ್ಲ. ಗೋಡೆ ಹತ್ತುವ ಮುಂಚೆ ಬಾಟಲಿ ತುಂಬಿಸಿಕೊಳ್ಳಬೇಕಾದದ್ದು ಇಲ್ಲೇ. ಇದನ್ನು ಆ ಗೈಡು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ವಾ.

2.30ಕ್ಕೆ ಕಾರು ಬರಲಿಲ್ಲ. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಪೀಲೆ ಹತ್ತಿರ ಗಾಡಿ ನಿಲ್ಲಿಸಲು ಜಾಗ ಬಹಳ ಕಡಿಮೆ, ಹಡಗಿನ ಜನವೆಲ್ಲಾ ಅದೇ ಹೊತ್ತಿಗೆ ವಾಪಸ್ ಹೊರಡುತ್ತಾರೆ. ಟ್ಯಾಕ್ಸಿಗೆ ಸಾಲು, ಆ್ಯಪ್‌ನಲ್ಲಿ ಗಾಡಿ ಸಿಕ್ಕಿದರೂ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದೆ ಅಂತ ತೋರಿಸುತ್ತಿತ್ತು. ಕೊನೆಗೆ ಸಿಟಿ ಬಸ್ಸಿನಲ್ಲಿ ಅಪ್ಪನಿಗೆ ಒಬ್ಬ ಹುಡುಗ ಸೀಟು ಬಿಟ್ಟುಕೊಟ್ಟ, ನಾವು ನಿಂತು ಬಂದೆವು. ಬಂದರಿನ ಗೇಟು ದಾಟಿದಾಗ 3.30ಕ್ಕೆ ಕೆಲವೇ ನಿಮಿಷ ಬಾಕಿ. ಹಡಗಿನ ಡಾಕ್ಟರು ನೋಡಿ ಡ್ರಿಪ್ ಹಾಕಿದರು. ಬಿಸಿಲು, ನೀರಿನಂಶ ಕಡಿಮೆ ಆಗಿದ್ದು, ಅದರ ಮೇಲೆ ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ, ಮೂರೂ ಸೇರಿ ಹೀಗಾಗಿದೆ ಅಂದರು. ಹಡಗಿನ ಆಸ್ಪತ್ರೆಯ ಬಿಲ್ಲು ಮೊದಲು ನಮ್ಮ ಜೇಬಿನಿಂದಲೇ, ಇನ್ಶೂರೆನ್ಸ್ ಹತ್ತಿರ ಆಮೇಲೆ ಕೇಳಬೇಕು. ಆದ್ದರಿಂದ ಎಲ್ಲಾ ಕಾಗದ ಸಹಿ ಮಾಡಿಸಿ ಇಟ್ಟುಕೊಳ್ಳಿ. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ.

ಈಗ ಹೋಗುವವರಿಗೆ ನನ್ನ ಮಾತು. ಗ್ರೂಜ್‌ನಿಂದ ಪೀಲೆಗೆ 1ಎ, 1ಬಿ ಸಿಟಿ ಬಸ್ಸುಗಳಿವೆ, ಗೇಟಿನ ಹೊರಗೆ ಯಾರ ಮಾತಿಗೂ ನಿಲ್ಲಬೇಡಿ. ಒಂದು ದಿನದ ಡುಬ್ರೊವ್ನಿಕ್ ಪಾಸು ನಾವು ಹೋದಾಗ ಗೋಡೆಯ ಟಿಕೆಟ್ಟಿನಷ್ಟೇ ಬೆಲೆ, ಅದೂ 40 ಯೂರೋ. ಅದರಲ್ಲಿ ಗೋಡೆ, ಮ್ಯೂಸಿಯಂಗಳು, ಬಸ್ಸು ಎಲ್ಲಾ ಬರುತ್ತದೆ. ಮನೆಯಲ್ಲೇ ಆನ್‌ಲೈನ್ ತೊಗೊಂಡು ಹೋಗಿ. ಗೋಡೆ ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೇ ತೆರೆಯುತ್ತದೆ. ನಿಮ್ಮ ಹಡಗು ಬೇಗ ಬರುವುದಾದರೆ ಪೀಲೆಯಲ್ಲಿ ಹತ್ತದೆ ಊರು ದಾಟಿ ಪ್ಲೊಚೆ ಕಡೆ ಹೋಗಿ ಹತ್ತಿ. ಮಿನ್ಚೆತಾ ಏರು ತಂಪಿನಲ್ಲೇ ಮುಗಿಯುತ್ತದೆ, ಆಮೇಲೆ ಇಳಿಜಾರು, ಸುಸ್ತಾದರೆ ಪೀಲೆಯಲ್ಲಿ ಇಳಿದುಬಿಡಬಹುದು. ಹಡಗು 9ರ ಮೇಲೆ ಬರುತ್ತದೆ, ಬೇಸಿಗೆ, ಜೊತೆಯಲ್ಲಿ ದೊಡ್ಡವರಿದ್ದಾರೆ ಅಂದರೆ ಗೋಡೆಯ ಆಸೆ ಬಿಡಿ. ಅದರ ಬದಲು ಸರ್ಜ್ ಬೆಟ್ಟಕ್ಕೆ ಕೇಬಲ್ ಕಾರಿನಲ್ಲಿ ಹೋಗಿ, 412 ಮೀಟರ್ ಮೇಲಿಂದ ಇಡೀ ಕೋಟೆ, ಕೆಂಪು ಮಾಡುಗಳು, ಸಮುದ್ರ ಎಲ್ಲಾ ಒಟ್ಟಿಗೆ ಕಾಣುತ್ತದೆ. ಪೀಲೆ ಒಳಗೆ ಬಂದ ಕೂಡಲೇ ಸಿಗುವ ಫ್ರಾನ್ಸಿಸ್ಕನ್ ಮಠದಲ್ಲಿ 1317ರ ಔಷಧಿ ಅಂಗಡಿ ಇದೆ, ಒಳಗೆ ತಂಪು.

ಹಡಗಿನವರೇ ನಡೆಸುವ ಪ್ರವಾಸಕ್ಕೆ ದುಡ್ಡು ಜಾಸ್ತಿ, ನಿಜ. ಆದರೆ ಆ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ನೀವೇ ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಸ್ವಂತವಾಗಿ ಹೋದರೆ ಪೀಲೆಯಿಂದ ಎರಡು ಗಂಟೆ ಮುಂಚೆಯೇ ಹೊರಡಿ. ಹಡಗಿನವರು ಕೊಡುವ ದಿನದ ಕಾಗದದಲ್ಲಿ ಬಂದರಿನ ಏಜೆಂಟ್, ಅಂದರೆ ಆ ಊರಿನಲ್ಲಿರುವ ಹಡಗಿನ ಪ್ರತಿನಿಧಿಯ ನಂಬರು ಇರುತ್ತದೆ, ಅದರ ಫೋಟೋ ತೆಗೆದುಕೊಳ್ಳಿ.

ವೀಸಾ ವಿಷಯ ನಮ್ಮ ಪಾಸ್‌ಪೋರ್ಟಿನವರಿಗೆ ಬಹಳ ಮುಖ್ಯ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್‌ನಲ್ಲಿದೆ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪು), ಯೂರೋ ಬಂದದ್ದೂ ಅವತ್ತೇ. ಆದರೆ ಎಷ್ಟೋ ಹಡಗುಗಳು ಮುಂದೆ ಹೋಗುವ ಕೊಟೊರ್ ಇರುವುದು ಮಾಂಟೆನೆಗ್ರೊದಲ್ಲಿ, ಅದು ಷೆಂಗೆನ್ ಅಲ್ಲ. ಅಲ್ಲಿಂದ ಮತ್ತೆ ಇಟಲಿಗೋ ಗ್ರೀಸಿಗೋ ಬಂದರೆ ಅದು ಎರಡನೇ ಪ್ರವೇಶ. ಅಪ್ಪ ಅಮ್ಮನಿಗೆ ಅರ್ಜಿ ಹಾಕುವಾಗಲೇ ಮಲ್ಟಿಪಲ್ ಎಂಟ್ರಿ ಕೇಳಿ, ಕ್ರೂಸ್‌ನ ಪೂರ್ತಿ ದಾರಿಯನ್ನು ಅರ್ಜಿ ಜೊತೆ ಲಗತ್ತಿಸಿ. ಹಾಗೇ ಎಟಿಎಂನಲ್ಲಿ ಲೆಕ್ಕವನ್ನು ರೂಪಾಯಿಗೆ ಬದಲಾಯಿಸಲಾ ಅಂತ ಕೇಳಿದರೆ ಬೇಡ ಅನ್ನಿ, ಯೂರೋ ಲೆಕ್ಕದಲ್ಲೇ ತೊಗೊಳ್ಳಿ. ಹಡಗು ಹೊರಟ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಸಮುದ್ರದ ನೆಟ್‌ವರ್ಕಿಗೆ ಸೇರಿಕೊಂಡು ಬಿಲ್ಲು ಏರುತ್ತದೆ.

ಬಂದರಿನ ಗೇಟಿನ ಹತ್ತಿರ ಸಿಕ್ಕಿದವನಿಗೆ ನಾಲ್ಕು ಜನಕ್ಕೆ ಅಂತ ಕೊಟ್ಟ ಆ 240 ಯೂರೋ ವಾಪಸ್ ಬರಲಿಲ್ಲ. ಅವನು ನಗದೇ ಬೇಕು ಅಂದಿದ್ದ, ಕೊಟ್ಟ ಚೀಟಿಯಲ್ಲಿ ಪೆನ್ನಿನಲ್ಲಿ ಬರೆದ ಮೊತ್ತ ಬಿಟ್ಟು ಏನೂ ಇಲ್ಲ. ಕ್ರೊಯೇಷಿಯಾದಲ್ಲಿ ನಗದು ವ್ಯಾಪಾರದ ಸರಿಯಾದ ಬಿಲ್ಲಿನಲ್ಲಿ ಜೆಐಆರ್, ಜೆಡ್‌ಕೆಐ ಅಂತ ಎರಡು ಸಂಕೇತ ಅಚ್ಚಾಗಿರುತ್ತವೆ. ಅದಿಲ್ಲದ ಚೀಟಿ ಕೊಡುವವನ ಹತ್ತಿರ ಏನನ್ನೂ ತೊಗೊಳ್ಳಬೇಡಿ. ಅಪ್ಪ ಈಗ ಆರಾಮಾಗಿದ್ದಾರೆ, ಮಾತ್ರೆಯ ಪ್ರಮಾಣ ಡಾಕ್ಟರು ಬದಲಾಯಿಸಿದ್ದಾರೆ.