ಸ್ವಿಮ್ ಟೆಸ್ಟ್‌ಗೆ ವಿಡಿಯೋ ಟ್ರ್ಯಾಕಿಂಗ್ ಸಾಫ್ಟ್‌ವೇರ್ – ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸಿದ್ದು

ನಮ್ಮ ಫಾರ್ಮಕಾಲಜಿ ಲ್ಯಾಬಲ್ಲಿ ಆಂಟಿಡಿಪ್ರೆಸೆಂಟ್ (ಖಿನ್ನತೆಗೆ ಕೊಡೋ ಔಷಧಿ) ಸ್ಕ್ರೀನಿಂಗ್‌ಗೆ ಈ ಸಾಫ್ಟ್‌ವೇರನ್ನೇ ಬಳಸ್ತಾ ಬಂದಿದೀವಿ. 1977ರಲ್ಲಿ ಪೋರ್ಸೋಲ್ಟ್ ಅನ್ನೋ ವಿಜ್ಞಾನಿ ಕೊಟ್ಟ ಸ್ವಿಮ್ ಟೆಸ್ಟೇ ಇವತ್ತಿಗೂ ನಡೀತಿರೋದು, ಮೈಸ್‌ನ 6 ನಿಮಿಷ ನೀರಿಗೆ ಬಿಟ್ಟು ಕೊನೇ 4 ನಿಮಿಷದಲ್ಲಿ ಎಷ್ಟು ಸೆಕೆಂಡ್ ಸುಮ್ನೆ ತೇಲ್ತು ಅಂತ ಅಳೀತೀವಿ, ಇಮಿಪ್ರಮಿನ್ ಥರದ ಆಂಟಿಡಿಪ್ರೆಸೆಂಟ್ ಕೊಟ್ಟಿದ್ರೆ ಆ ಟೈಮ್ ಕಮ್ಮಿ ಆಗ್ಬೇಕು. ಸ್ಟಾಪ್‌ವಾಚ್ ಹಿಡ್ಕೊಂಡು ಕೂತ್ರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಸೋತು ಹೋಗುತ್ತೆ, ಒಬ್ಬೊಬ್ರು ಒಂದೊಂದು ಲೆಕ್ಕ ಕೊಡ್ತಾರೆ. ಸಾಫ್ಟ್‌ವೇರ್‌ಗೆ ಆ ಕಾಟ ಇಲ್ಲ, ಯಾವ ಪ್ರಾಣಿಗೆ ಯಾವ ಡ್ರಗ್ ಅಂತ ಗೊತ್ತಿಲ್ಲದೇ ಎಲ್ಲಾನೂ ಒಂದೇ ಅಳತೇಲಿ ನೋಡುತ್ತೆ, ಇದೊಂದಕ್ಕೇ ದುಡ್ಡು ವಸೂಲ್ ಅನ್ನಬಹುದು.

ಆದ್ರೆ ಅದು ನೋಡೋದು ಪಿಕ್ಸೆಲ್ ಬದಲಾಗಿದ್ದನ್ನ ಮಾತ್ರ. ಟ್ಯೂಬ್‌ಲೈಟ್ ನೀರಲ್ಲಿ ಹೊಳೆದ್ರೂ ಅದಕ್ಕೆ ಚಲನೆನೇ, ಬಿಳಿ ಮೈಸ್‌ಗೆ ಹಿಂದೆ ಕಪ್ಪು ಶೀಟ್ ಹಾಕ್ಲೇಬೇಕು. ಟೇಲ್ ಸಸ್ಪೆನ್ಷನ್‌ನಲ್ಲಿ (ಬಾಲದಿಂದ ನೇತುಹಾಕಿ ನೋಡೋ ಟೆಸ್ಟ್) ಇನ್ನೂ ಕಷ್ಟ, ಪ್ರಾಣಿ ಒದ್ದಾಡೋದು ನಿಲ್ಲಿಸಿ ಸುಮ್ನೆ ನೇತಾಡ್ತಿರುತ್ತೆ, ಹಿಂದಿನ ಜೋರಿಗೆ ಗಡಿಯಾರದ ಲೋಲಕದ ಥರ ತೂಗಾಡ್ತಾ ಇರುತ್ತೆ, ಸಾಫ್ಟ್‌ವೇರ್ ಅದನ್ನೂ ಒದ್ದಾಟಕ್ಕೇ ಸೇರಿಸುತ್ತೆ. ಸಿ57 ಅನ್ನೋ ತಳಿಯ ಮೈಸ್ ಅಂತೂ ತಮ್ಮ ಬಾಲ ಹಿಡ್ಕೊಂಡು ಮೇಲೆ ಹತ್ತಿಬಿಡ್ತವೆ, ಬಾಲಕ್ಕೆ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಹಾಕಿದ್ರೆ ಸರಿ ಹೋಗುತ್ತೆ. ಅದಕ್ಕೇ ಹೊಸ ಬ್ಯಾಚ್ ಶುರು ಮಾಡೋ ಮುಂಚೆ ಒಂದಷ್ಟು ವಿಡಿಯೋ ಇಬ್ರು ಕೈಯಲ್ಲಿ ಬೇರೆ ಬೇರೆ ಸ್ಕೋರ್ ಮಾಡ್ಸಿ, ಅದಕ್ಕೆ ತಾಳೆ ಆಗೋ ಹಾಗೆ ಥ್ರೆಶೋಲ್ಡ್ (ಎಷ್ಟು ಬದಲಾದ್ರೆ ಚಲನೆ ಅನ್ನೋ ಮಿತಿ) ಇಡಿ, ಕಂಪನಿ ಕೊಟ್ಟ ಡೀಫಾಲ್ಟ್ ನಂಬ್ಕೊಂಡು ಪೇಪರ್ ಬರೀಬೇಡಿ ದಯವಿಟ್ಟು.

ರ್‍ಯಾಟ್‌ನಲ್ಲಿ ನಂಗೆ ಬೇಕಾಗಿದ್ದು ಇದರಲ್ಲಿ ಸಿಗ್ಲೇ ಇಲ್ಲ. ಫ್ಲೂಆಕ್ಸಟಿನ್ ಥರದ, ಮೆದುಳಿನ ಸೆರಟೋನಿನ್ ಮೇಲೆ ಕೆಲಸ ಮಾಡೋ ಡ್ರಗ್ ಕೊಟ್ರೆ ಈಜೋದು ಜಾಸ್ತಿ ಆಗುತ್ತೆ, ನಾರ್‌ಅಡ್ರಿನಲಿನ್ ಮೇಲೆ ಕೆಲಸ ಮಾಡೋ ಡೆಸಿಪ್ರಮಿನ್ ಕೊಟ್ರೆ ಗೋಡೆ ಹತ್ತೋಕೆ ನೋಡೋದು ಜಾಸ್ತಿ. ನಾವಿರೋ ವರ್ಷನ್ ಎರಡನ್ನೂ ಒಟ್ಟಿಗೆ 'ಚಲನೆ' ಅಂತ ಹಾಕುತ್ತೆ, ಹಾಗಾಗಿ ಇವತ್ತಿಗೂ 5 ಸೆಕೆಂಡ್‌ಗೊಂದ್ಸಲ ನೋಡಿ ಕೈಯಲ್ಲೇ ಗುರುತು ಹಾಕ್ತೀವಿ. ಡೀಪ್‌ಲ್ಯಾಬ್‌ಕಟ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಫ್ರೀಯಾಗಿ ಸಿಗುತ್ತೆ, ಪಂಜ ಮೂಗು ಬಾಲ ಬೇರೆ ಬೇರೆ ಗುರುತಿಸುತ್ತೆ, ಆದ್ರೆ ಟ್ರೈನ್ ಮಾಡೋಕೆ ಒಳ್ಳೆ ಗ್ರಾಫಿಕ್ಸ್ ಕಾರ್ಡು, ಪೈಥಾನ್ ಬಲ್ಲೋರು ಬೇಕು.

ಓಪನ್ ಫೀಲ್ಡ್‌ಗೆ (ಖಾಲಿ ಡಬ್ಬದಲ್ಲಿ ಪ್ರಾಣಿ ಎಷ್ಟು ಓಡಾಡುತ್ತೆ ಅಂತ ನೋಡೋ ಟೆಸ್ಟ್) ಮಾತ್ರ ಈ ಸಾಫ್ಟ್‌ವೇರ್ ಕಣ್ಣುಮುಚ್ಚಿ ತಗೊಳ್ಳಿ, ದೂರ, ವೇಗ ಎಲ್ಲಾ ನೀಟಾಗಿ ಬರುತ್ತೆ. ಅದನ್ನ ಮಾಡ್ಲೇಬೇಕು ಕೂಡ, ಆಂಫೆಟಮಿನ್ ಥರದ ಉತ್ತೇಜಕ ಡ್ರಗ್ ಓಡಾಟ ಹೆಚ್ಚಿಸಿನೇ ಸ್ವಿಮ್ ಟೆಸ್ಟ್‌ನಲ್ಲಿ ಆಂಟಿಡಿಪ್ರೆಸೆಂಟ್ ಥರ ಕಾಣಿಸ್ಬಿಡುತ್ತೆ. ಇನ್ನೊಂದು, ಮೂಲ ವಿಡಿಯೋ ಡಿಲೀಟ್ ಮಾಡ್ಬೇಡಿ, ಸೆಟ್ಟಿಂಗ್ ಬದಲಾದ್ರೆ ಅದನ್ನೇ ಮತ್ತೆ ಓಡಿಸಬಹುದು, ಇನ್ನೊಂದು ಗುಂಪು ಪ್ರಾಣಿಗಳನ್ನ ನೀರಿಗೆ ಬಿಡೋದು ತಪ್ಪುತ್ತೆ.