ಖರೀದಿಸಿದ ಡ್ರಾಪ್‌ಡೌನೋ, ಬ್ರೌಸರಿನ ಸೆಲೆಕ್ಟೋ?

ಫಾರ್ಮುಗಳೇ ಹೆಚ್ಚಾಗಿರುವ ಜಾಲತಾಣಗಳನ್ನು ಒಬ್ಬನೇ ಕಟ್ಟಿಕೊಡುವ ನಾನು, ಕೆಲಸ ಬೇಗ ಮುಗಿಯಲಿ ಎಂದು ಹಣ ತೆತ್ತು ಗುಂಡಿ, ಪಟ್ಟಿ, ಪೆಟ್ಟಿಗೆಗಳಂಥ ಸಿದ್ಧ ಭಾಗಗಳಿರುವ ಒಂದು ಯುಐ ಕಿಟ್ ಕೊಂಡಿದ್ದೆ. ಅದನ್ನು ಬಳಸಿ ಮಾಡಿದ ಫಾರ್ಮನ್ನೇ ಆಮೇಲೆ ಇನ್ನೆರಡು ಬಗೆಯಲ್ಲಿ ಕಟ್ಟಿ ನೋಡಿದೆ: ಕಿಟ್ಟಿನ ಡಿವ್‌ಗಳಿಗೆ (ತಮ್ಮದೇ ಅರ್ಥವಿಲ್ಲದ, ಖಾಲಿ ಪೆಟ್ಟಿಗೆಯಂಥ ಟ್ಯಾಗ್‌ಗಳಿಗೆ) ಆರಿಯಾ ಗುಣಗಳನ್ನು, ಅಂದರೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿಗೆ ಇದು ಯಾವ ಬಗೆಯ ಭಾಗ ಎಂದು ತಿಳಿಸುವ ಗುರುತುಗಳನ್ನು, ಸೇರಿಸಿ ಒಮ್ಮೆ, ಪುಟದ ರಚನೆ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಸ್ವಂತ ಟ್ಯಾಗ್‌ಗಳಿಂದಲೇ ಮತ್ತೊಮ್ಮೆ. ಮೂರರಲ್ಲಿ ನನ್ನ ಒಲವು ಕೊನೆಯದರ ಕಡೆಗೆ. ಮೊದಲನೆಯದನ್ನು ಕೈಬಿಡಲು ಒಂದೇ ಒಂದು ಡ್ರಾಪ್‌ಡೌನ್ (ಒತ್ತಿದರೆ ಬಿಚ್ಚಿಕೊಳ್ಳುವ ಆಯ್ಕೆಪಟ್ಟಿ) ಸಾಕಾಯಿತು.

ಕಿಟ್ಟಿನ ಅಂದಚೆಂದದ ಬಗ್ಗೆ ನನಗೆ ತಕರಾರಿಲ್ಲ. ಬಣ್ಣ, ಅಂತರ, ಅಕ್ಷರದ ಗಾತ್ರ ಎಲ್ಲವೂ ಅಚ್ಚುಕಟ್ಟಾಗಿದ್ದವು.

ಡ್ರಾಪ್‌ಡೌನ್ ಮಾತ್ರ ಎಚ್‌ಟಿಎಂಎಲ್‌ನ ಸ್ವಂತ ಆಯ್ಕೆಪಟ್ಟಿಯ ಟ್ಯಾಗ್ ಆದ ಸೆಲೆಕ್ಟ್ ಅಲ್ಲ, ಡಿವ್‌ಗಳ ಗುಂಪು. ಮೌಸ್‌ನಿಂದ ಒತ್ತಿದರೆ ಪಟ್ಟಿ ತೆರೆಯುತ್ತಿತ್ತು, ಆಯ್ದ ಮೌಲ್ಯವು ಅಡಗಿಸಿಟ್ಟ (ಹಿಡನ್ ಬಗೆಯ) ಇನ್‌ಪುಟ್ ಒಂದಕ್ಕೆ ಹೋಗಿ ಸೇರುತ್ತಿತ್ತು. ಟ್ಯಾಬ್ ಕೀಲಿ ಒತ್ತುತ್ತಾ ಬಂದರೆ ಫೋಕಸ್ ಅದರ ಮೇಲೆ ನಿಲ್ಲದೆ ನೇರವಾಗಿ ಮುಂದಿನ ಕ್ಷೇತ್ರಕ್ಕೆ ಜಿಗಿಯುತ್ತಿತ್ತು. ಕ್ಷೇತ್ರದ ಹೆಸರು ತೋರಿಸುವ ಲೇಬಲ್ ಮೇಲೆ ಒತ್ತಿದರೂ ಏನೂ ಆಗುತ್ತಿರಲಿಲ್ಲ, ಏಕೆಂದರೆ ಲೇಬಲ್ ಎಂಬುದು ಇನ್‌ಪುಟ್, ಸೆಲೆಕ್ಟ್, ಟೆಕ್ಸ್ಟ್‌ಏರಿಯಾ, ಬಟನ್ ಮುಂತಾದ ಕೆಲವೇ ಟ್ಯಾಗ್‌ಗಳ ಜೊತೆ ನಂಟು ಬೆಳೆಸಬಲ್ಲದು. ಡಿವ್ ಆ ಸಾಲಿನಲ್ಲಿಲ್ಲ. ಕ್ಷೇತ್ರ ಕಡ್ಡಾಯವೆಂದು ಸೂಚಿಸಲು ರಿಕ್ವೈರ್ಡ್ ಎಂದು ಬರೆದರೆ ಅದೂ ವ್ಯರ್ಥ, ಏಕೆಂದರೆ ಹಿಡನ್ ಬಗೆಯ ಇನ್‌ಪುಟ್‌ಗಳನ್ನು ಎಚ್‌ಟಿಎಂಎಲ್ ನಿಯಮವೇ ಬ್ರೌಸರಿನ ಪರಿಶೀಲನೆಯಿಂದ ಹೊರಗಿಟ್ಟಿದೆ. ಹೀಗಾಗಿ ಏನನ್ನೂ ಆರಿಸದವರ ಅರ್ಜಿಯೂ ಯಾವ ಎಚ್ಚರಿಕೆಯಿಲ್ಲದೆ ಸರ್ವರ್ ತಲುಪುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡು) ಎಂದು ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ರೂಪ ಹೇಳುವ ಭಾಷೆಯಲ್ಲಿ, ಬರೆದಿದ್ದ ಚೌಕಟ್ಟಿನೊಳಗೆ ಈ ಡ್ರಾಪ್‌ಡೌನ್ ಇಟ್ಟಾಗ, ತೆರೆದ ಪಟ್ಟಿಯ ಕೆಳಭಾಗ ಕತ್ತರಿಸಿ ಹೋಗುತ್ತಿತ್ತು. ಕೊನೆಯ ಆಯ್ಕೆಗಳು ಇವೆಯೆಂದೇ ಯಾರಿಗೂ ತಿಳಿಯುತ್ತಿರಲಿಲ್ಲ. ರಿಸೆಟ್ ಗುಂಡಿ ಒತ್ತಿದರೆ ಉಳಿದೆಲ್ಲ ಕ್ಷೇತ್ರಗಳು ಖಾಲಿಯಾಗುತ್ತಿದ್ದವು, ಇದೊಂದು ಮಾತ್ರ ಹಳೆಯ ಆಯ್ಕೆಯನ್ನೇ ತೋರಿಸುತ್ತಾ ಕೂರುತ್ತಿತ್ತು. ಮೊಬೈಲಿನಲ್ಲಿ ಫೋನಿನ ಸ್ವಂತ ಆಯ್ಕೆಪಟ್ಟಿ ಬರುವ ಬದಲು, ಬೆರಳಿಗೆ ಸಿಗದ ಸಣ್ಣ ಸಾಲುಗಳು ಬರುತ್ತಿದ್ದವು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್‌ನಲ್ಲಿ ಕೇಳಿದರೆ ಅದು ಡ್ರಾಪ್‌ಡೌನ್‌ನಲ್ಲಿ ಕಾಣುವ ಪಠ್ಯವನ್ನಷ್ಟೇ ಓದುತ್ತಿತ್ತು. ಅದೊಂದು ಆಯ್ಕೆಪಟ್ಟಿ ಎಂದಾಗಲಿ, ಅದು ಮುಚ್ಚಿದೆ ಎಂದಾಗಲಿ ಹೇಳುತ್ತಿರಲಿಲ್ಲ. ಹೇಳುವಂಥದ್ದು ಮಾರ್ಕಪ್‌ನಲ್ಲಿ, ಅಂದರೆ ಟ್ಯಾಗ್‌ಗಳಲ್ಲಿ, ಇದ್ದರೆ ತಾನೇ?

ಕಿಟ್ಟಿನ ಮಾರಾಟದ ಪುಟದಲ್ಲಿ ‘ಡಬ್ಲ್ಯೂ3ಸಿ ಮಾನ್ಯ ಕೋಡ್’ ಎಂದು ಬರೆದಿತ್ತು (ಡಬ್ಲ್ಯೂ3ಸಿ ಎಂದರೆ ಜಾಲದ ಮಾನದಂಡಗಳನ್ನು ರೂಪಿಸುವ ಸಂಸ್ಥೆ), ಮತ್ತು ಅದು ಸುಳ್ಳೂ ಅಲ್ಲ. ಕೋಡ್ ಪರಿಶೀಲಿಸುವ ಸಾಧನವಾದ ವ್ಯಾಲಿಡೇಟರ್ ನೋಡುವುದು ವ್ಯಾಕರಣವನ್ನು: ಟ್ಯಾಗ್‌ಗಳು ಸರಿಯಾಗಿ ಮುಚ್ಚಿವೆಯೇ, ಯಾವುದರೊಳಗೆ ಯಾವುದು ಬರಬಹುದು, ಒಂದೇ ಐಡಿ ಎರಡು ಕಡೆ ಇದೆಯೇ ಎಂಬಂಥವನ್ನು. ಕ್ಲಿಕ್ ಕೋಡ್ ಅಂಟಿಸಿಕೊಂಡು ಬಟನ್‌ನ ವೇಷ ತೊಟ್ಟ ಡಿವ್ ವ್ಯಾಕರಣದ ದೃಷ್ಟಿಯಿಂದ ನಿರ್ದೋಷಿ. ಮಾನ್ಯತೆಯ ಆ ಮುದ್ರೆಗೂ ಅರ್ಥಪೂರ್ಣ ಮಾರ್ಕಪ್‌ಗೂ ಇರುವ ದೂರವನ್ನು ಮಾರಾಟಗಾರರು ಎಲ್ಲಿಯೂ ಹೇಳುವುದಿಲ್ಲ.

ಎರಡನೆಯ ಆಯ್ಕೆ, ಅಂದರೆ ಆರಿಯಾ ತೇಪೆ, ಕಾಗದದ ಮೇಲೆ ಸುಲಭವಾಗಿ ಕಾಣುತ್ತದೆ: ಹೊರಗಿನ ಡಿವ್‌ಗೆ ಕಾಂಬೊಬಾಕ್ಸ್ (ಪಟ್ಟಿ ತೆರೆಯುವ ಪೆಟ್ಟಿಗೆ) ಎಂಬ ರೋಲ್, ಅಂದರೆ ಪಾತ್ರ, ಪಟ್ಟಿಗೆ ಲಿಸ್ಟ್‌ಬಾಕ್ಸ್, ಸಾಲುಗಳಿಗೆ ಆಪ್ಷನ್, ಜೊತೆಗೆ ಪಟ್ಟಿ ತೆರೆದಿದೆಯೇ, ಯಾವ ಸಾಲು ಆಯ್ಕೆಯಾಗಿದೆ ಎಂದು ಹೇಳುವ ಆರಿಯಾ-ಎಕ್ಸ್‌ಪ್ಯಾಂಡೆಡ್ ಮತ್ತು ಆರಿಯಾ-ಸೆಲೆಕ್ಟೆಡ್. ಆದರೆ ಆರಿಯಾ ಹೆಸರನ್ನು ಕೊಡುತ್ತದೆಯೇ ಹೊರತು ನಡವಳಿಕೆಯನ್ನು ಕೊಡುವುದಿಲ್ಲ. ಗೋಡೆಯ ಮೇಲೆ ‘ಬಾಗಿಲು’ ಎಂದು ಬರೆದರೆ ಗೋಡೆ ತೆರೆದುಕೊಳ್ಳುವುದಿಲ್ಲವಷ್ಟೆ. ಬಾಣದ ಕೀಲಿಗಳು, ಹೋಮ್, ಎಂಡ್, ಎಸ್ಕೇಪ್, ಮೊದಲ ಅಕ್ಷರ ಟೈಪಿಸಿದರೆ ಆ ಸಾಲಿಗೆ ಹೋಗುವುದು, ಹೊರಗೆ ಒತ್ತಿದರೆ ಮುಚ್ಚುವುದು, ಇವಿಷ್ಟಕ್ಕೂ ನಾವೇ ಜಾವಾಸ್ಕ್ರಿಪ್ಟ್ ಬರೆಯಬೇಕು, ಬರೆದದ್ದನ್ನು ಬೇರೆ ಬೇರೆ ಸ್ಕ್ರೀನ್ ರೀಡರ್‌ಗಳಲ್ಲಿ ಕೇಳಿ ನೋಡಬೇಕು. ಮೇಲಾಗಿ ಕಾಂಬೊಬಾಕ್ಸ್‌ನ ರಚನೆಯೇ 2014ರ ಆರಿಯಾ 1.0, 2017ರ 1.1 ಮತ್ತು 2023ರ 1.2 ಆವೃತ್ತಿಗಳ ನಡುವೆ ಬದಲಾಗಿದೆಯಾದ್ದರಿಂದ, ಜಾಲದಲ್ಲಿ ಸಿಗುವ ಹಳೆಯ ಮಾದರಿಗಳನ್ನು ನಕಲು ಮಾಡುವಾಗ ಅದು ಯಾವ ಕಾಲದ್ದೆಂದು ನೋಡಿಕೊಳ್ಳಬೇಕಾಗುತ್ತದೆ. ನನ್ನ ತೇಪೆ ಕೊನೆಗೆ ಕೆಲಸ ಮಾಡಿತು, ಆದರೆ ಕಿಟ್ಟಿನ ಮುಂದಿನ ಅಪ್‌ಡೇಟ್ ಬಂದಾಗ ಅದರ ಒಳ ರಚನೆ ಬದಲಾಗಿ ತೇಪೆ ಕಿತ್ತುಬಂತು. ಸ್ವಂತ ಟ್ಯಾಗ್ ಲಭ್ಯವಿದ್ದರೆ ಅದನ್ನೇ ಬಳಸಿ ಎಂಬುದು ಆರಿಯಾ ಬಳಕೆಯ ಮೊದಲ ನಿಯಮವಾಗಿರುವುದು ಸುಮ್ಮನೆ ಅಲ್ಲ.

ಮೂರನೆಯದರಲ್ಲಿ ಒಂದು ಲೇಬಲ್, ಒಂದು ಸೆಲೆಕ್ಟ್, ಒಳಗೆ ಆಪ್ಷನ್‌ಗಳು. ಮೇಲೆ ಹೇಳಿದ ತೊಂದರೆಗಳಲ್ಲಿ ಒಂದೂ ಉಳಿಯಲಿಲ್ಲ. ತೆರೆದ ಪಟ್ಟಿಯನ್ನು ಬ್ರೌಸರೇ ಪುಟದ ಚೌಕಟ್ಟುಗಳ ಹೊರಗೆ ಬಿಡಿಸುವುದರಿಂದ ಕತ್ತರಿಸಿಹೋಗುವ ಪ್ರಶ್ನೆಯೂ ಇಲ್ಲ. ಇದಕ್ಕೂ ಕೊರತೆಗಳಿವೆ. ತೆರೆದ ಪಟ್ಟಿಯ ರೂಪ ನಮ್ಮ ಹಿಡಿತದಲ್ಲಿರುವುದಿಲ್ಲ, ವಿನ್ಯಾಸಕಾರರು ಗೊಣಗುತ್ತಾರೆ. 2025ರಲ್ಲಿ ಕ್ರೋಮ್ 135ರೊಂದಿಗೆ ಬಂದ ‘ಬೇಸ್-ಸೆಲೆಕ್ಟ್’ ಎಂಬ ಸಿಎಸ್‌ಎಸ್ ಮೌಲ್ಯವು ಪಟ್ಟಿಯ ಒಳಗನ್ನೂ ಸಿಂಗರಿಸಲು ಬಿಡುತ್ತದೆ. ಅದನ್ನು ಅರಿಯದ ಬ್ರೌಸರಿನಲ್ಲಿ ಮಾಮೂಲಿ ಸೆಲೆಕ್ಟ್ ಕಾಣುವುದರಿಂದ ಯಾರಿಗೂ ನಷ್ಟವಿಲ್ಲ. ಇನ್ನು ನೂರಾರು ಸಾಲುಗಳಲ್ಲಿ ಹುಡುಕಿ ಆರಿಸಬೇಕಾದ ಕಡೆ ಸೆಲೆಕ್ಟ್ ನಿಜಕ್ಕೂ ಸಾಲದು. ಅಲ್ಲಿ ಮಾತ್ರ ಚೆನ್ನಾಗಿ ಪರೀಕ್ಷಿಸಿದ ಕಾಂಬೊಬಾಕ್ಸ್ ಲೈಬ್ರರಿಯನ್ನು ಒಪ್ಪುತ್ತೇನೆ.

ಪಾಪ್‌ಅಪ್ ಪೆಟ್ಟಿಗೆಯ ವಿಷಯದಲ್ಲೂ ಇದೇ ತೀರ್ಪು. ಕ್ರೋಮ್‌ನಲ್ಲಿ 2014ರಲ್ಲೇ ಬಂದಿದ್ದ ಡಯಲಾಗ್ ಟ್ಯಾಗ್ 2022ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಮತ್ತು ಸಫಾರಿಗೂ ಬಂದ ಮೇಲೆ ಕಿಟ್ಟಿನ ಮೋಡಲ್‌ಗೆ (ಅದರ ಪಾಪ್‌ಅಪ್ ಪೆಟ್ಟಿಗೆಗೆ) ಕೆಲಸವೇ ಉಳಿದಿಲ್ಲ: ಷೋಮೋಡಲ್ ಎಂಬ ಆದೇಶದಿಂದ ಡಯಲಾಗ್ ತೆರೆದರೆ ಹಿಂದಿನ ಪುಟ ನಿಷ್ಕ್ರಿಯವಾಗುತ್ತದೆ, ಎಸ್ಕೇಪ್ ಒತ್ತಿದರೆ ಪೆಟ್ಟಿಗೆ ಮುಚ್ಚಿ ಫೋಕಸ್ ಮೊದಲಿದ್ದ ಜಾಗಕ್ಕೆ ಮರಳುತ್ತದೆ. ಬಟನ್ ಟ್ಯಾಗ್ ಎಂಟರ್ ಮತ್ತು ಸ್ಪೇಸ್ ಎರಡಕ್ಕೂ ತಾನಾಗಿಯೇ ಓಗೊಡುತ್ತದೆ. ಫಾರ್ಮಿನೊಳಗೆ ಟೈಪ್ ಬರೆಯದೆ ಬಿಟ್ಟ ಬಟನ್ ಸಬ್‌ಮಿಟ್, ಅಂದರೆ ಫಾರ್ಮನ್ನು ಕಳಿಸುವ ಗುಂಡಿ, ಆಗಿಬಿಡುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಪುಟದ ಮುಖ್ಯ ಭಾಗವನ್ನೂ ಕೊಂಡಿಗಳ ಭಾಗವನ್ನೂ ಗುರುತಿಸುವ ಮೇನ್, ನ್ಯಾವ್ ಟ್ಯಾಗ್‌ಗಳಿಗೆ ಮತ್ತು ಸರಿಯಾದ ಕ್ರಮದ ಶೀರ್ಷಿಕೆಗಳಿಗೆ ನಯಾಪೈಸೆ ಖರ್ಚಿಲ್ಲ.

ನನ್ನ ತೀರ್ಪು ನನ್ನ ಕೆಲಸದ ರೀತಿಯಿಂದ ಬಂದದ್ದು. ಒಮ್ಮೆ ಒಪ್ಪಿಸಿದ ತಾಣವನ್ನು ನಾನು ವರ್ಷಗಟ್ಟಲೆ ಮುಟ್ಟುವುದಿಲ್ಲ, ಅದರ ನಿರ್ವಹಣೆಗೆ ಗ್ರಾಹಕರು ಹಣ ತೆಗೆದಿಡುವುದೂ ಇಲ್ಲ. ಸೆಲೆಕ್ಟ್ ಮತ್ತು ಡಯಲಾಗ್‌ಗಳ ನಿರ್ವಹಣೆಯನ್ನು ಬ್ರೌಸರ್ ತಯಾರಕರೇ ಹೊತ್ತಿರುವಾಗ, ಪ್ರತಿ ವರ್ಷ ಪರವಾನಗಿ ನವೀಕರಿಸುತ್ತಾ ಅದೇ ಕೆಲಸವನ್ನು ಕೆಟ್ಟದಾಗಿ ಮಾಡುವ ಕೋಡ್ ಇಟ್ಟುಕೊಳ್ಳುವುದು ನನ್ನ ಬಜೆಟ್ಟಿಗೆ ಹೊಂದುವುದಿಲ್ಲ. ದೊಡ್ಡ ತಂಡವಿದ್ದು, ಆಕ್ಸೆಸಿಬಿಲಿಟಿ (ಅಂಗವೈಕಲ್ಯವಿರುವವರೂ ಬಳಸಬಲ್ಲರೇ ಎಂಬ) ಪರೀಕ್ಷೆಗೆಂದೇ ಒಬ್ಬರಿರುವ ಕಡೆ ಲೆಕ್ಕ ಬೇರೆಯಾಗಬಹುದು. ಅಂಥವರೂ ಹಣ ಕಟ್ಟುವ ಮೊದಲು ಕಿಟ್ಟಿನ ಡೆಮೊ ಪುಟವನ್ನು ತೆರೆದು, ಮೌಸ್ ಮುಟ್ಟದೆ ಟ್ಯಾಬ್, ಬಾಣ ಮತ್ತು ಎಸ್ಕೇಪ್ ಕೀಲಿಗಳಿಂದಲೇ ಒಂದು ಫಾರ್ಮನ್ನು ಪೂರ್ತಿ ತುಂಬಿ ನೋಡುವುದು ಒಳ್ಳೆಯದು.